ಗಂಡಸರ ಯೀಸ್ಟ್ ಸೋಂಕು: ಮುಲಾಮಿನಿಂದ ಸಕ್ಕರೆ ಪರೀಕ್ಷೆಯವರೆಗೆ

ಬಿಸಿಲು 42 ಡಿಗ್ರಿ ದಾಟಿತೆಂದರೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಫರ್ಸಿ ಖಣಿಯಲ್ಲಿ ಕಲ್ಲು ಎತ್ತುವವರ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರ, ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ದುಡಿಯುವವರ ಮೈ ಬೆಳಗಿನಿಂದ ಸಂಜೆಯವರೆಗೆ ಆರುವುದೇ ಇಲ್ಲ. ತೊಡೆಸಂದಿಯ ತುರಿಕೆ ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಔಷಧ ಅಂಗಡಿಯ ಮುಂದೆ ಉಳಿದ ಗಿರಾಕಿಗಳೆಲ್ಲ ಹೋಗುವತನಕ ಕಾದು ನಿಂತು, ‘ಖುಜಲಿ ಆಗ್ಯಾದ್ರಿ, ಒಂದ್ ಟ್ಯೂಬ್ ಕೊಡ್ರಿ’ ಎಂದು ತಗ್ಗಿದ ದನಿಯಲ್ಲಿ ಕೇಳುವುದೇ ರೂಢಿ. ಎಲ್ಲಿ ಆಗಿದೆ, ಎಷ್ಟು ದಿನವಾಯಿತು, ಸಕ್ಕರೆ ಕಾಯಿಲೆ ಇದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗೆ ಕೇಳಬೇಕಿತ್ತು. ಏಕೆಂದರೆ ಖುಜಲಿ ಎನ್ನುವ ಒಂದೇ ಮಾತಿನ ಅಡಿಯಲ್ಲಿ ಎರಡು ಬೇರೆ ಬೇರೆ ರೋಗಗಳು ಬರುತ್ತವೆ. ಒಂದು ಹುಳುಕಡ್ಡಿ, ಅಂದರೆ ಗಜಕರ್ಣ. ಇದು ತೊಡೆಯ ಮೇಲೆ ಉಬ್ಬಿದ ಅಂಚಿನ ಬಳೆಯಾಗಿ ಹರಡುತ್ತದೆ, ಸಾಮಾನ್ಯವಾಗಿ ವೃಷಣದ ಚರ್ಮವನ್ನು ಮುಟ್ಟುವುದಿಲ್ಲ. ಇನ್ನೊಂದು ಕ್ಯಾಂಡಿಡಾ ಎಂಬ ಯೀಸ್ಟ್‌ನ ಸೋಂಕು. ಇದರಲ್ಲಿ ಶಿಶ್ನದ ತುದಿ ಕೆಂಪಾಗುತ್ತದೆ, ಸಣ್ಣ ಗುಳ್ಳೆಗಳೇಳುತ್ತವೆ, ಮುಂದೊಗಲಿನ ಒಳಗೆ ಮೊಸರಿನಂಥ ಬಿಳಿ ಪದರ ಕೂರುತ್ತದೆ. ಮೂತ್ರ ಮಾಡುವಾಗ ಉರಿ, ಸಂಭೋಗದ ವೇಳೆ ನೋವು. ಸಂದಿಯ ಚರ್ಮಕ್ಕೆ ಹಬ್ಬಿದರೆ ಕೆಂಪು ಮಚ್ಚೆಯ ಸುತ್ತ ಬಿಡಿಬಿಡಿಯಾಗಿ ಪುಟ್ಟ ಗುಳ್ಳೆಗಳು ಕಾಣುತ್ತವೆ, ವೃಷಣದ ಚರ್ಮಕ್ಕೂ ತಗಲುತ್ತದೆ. ಸುನ್ನತಿಯಾದವರಲ್ಲಿ ಶಿಶ್ನದ ಈ ಸೋಂಕು ಕಡಿಮೆ, ಏಕೆಂದರೆ ಯೀಸ್ಟ್‌ಗೆ ಬೇಕಾದ ತೇವದ ಮರೆ ಅಲ್ಲಿಲ್ಲ.

ಈ ತೊಂದರೆ ಹಳೆಯದು. ಸುಶ್ರುತ ಸಂಹಿತೆ ಕ್ಷುದ್ರರೋಗಗಳ ಸಾಲಿನಲ್ಲಿ ವೃಷಣಕಚ್ಛು ಎಂಬುದನ್ನು ಹೇಳುತ್ತದೆ. ಸ್ನಾನ, ಶುದ್ಧಿ ಇಲ್ಲದವನ ವೃಷಣಕ್ಕೆ ಅಂಟಿದ ಕೊಳೆ ಬೆವರಿನಿಂದ ನೆನೆದು ತುರಿಕೆ ಹುಟ್ಟಿಸುತ್ತದೆ, ತುರಿಸಿದಷ್ಟೂ ಗುಳ್ಳೆಯೆದ್ದು ಸೋರುತ್ತದೆ ಎಂಬುದು ಅದರ ವಿವರಣೆ. ಕಾರಣವಾದ ಜೀವಿ ಕಣ್ಣಿಗೆ ಬೀಳದಿದ್ದರೂ ಬೆವರು ಮತ್ತು ತೇವದ ಪಾತ್ರವನ್ನು ಆ ಗ್ರಂಥ ಸರಿಯಾಗಿಯೇ ಗುರುತಿಸಿತ್ತು. ಮುಂದೊಗಲು ಬಿಗಿದು ಹಿಂದೆ ಸರಿಯದಿರುವ ನಿರುದ್ಧಪ್ರಕಶವೂ ಅಲ್ಲಿದೆ. ಪದೇ ಪದೇ ಯೀಸ್ಟ್ ಸೋಂಕಾದ ಮಧುಮೇಹಿಗಳಲ್ಲಿ ಇಂದು ವೈದ್ಯರು ಕಾಣುವ ಸ್ಥಿತಿಯೂ ಇದೇ.

ಈ ಯೀಸ್ಟ್ ಸೂಕ್ಷ್ಮದರ್ಶಕದಡಿ ಸಿಕ್ಕಿದ್ದು 19ನೆಯ ಶತಮಾನದ ನಡುವೆ, ಅದೂ ಬಾಯಿಹುಣ್ಣಿನಲ್ಲಿ. ಕ್ಯಾಂಡಿಡಾ ಎಂಬ ಹೆಸರು ಕೊಟ್ಟವರು ನೆದರ್ಲೆಂಡಿನ ಕ್ರಿಸ್ಟೀನ್ ಬರ್ಕ್‌ಹೌಟ್, 1923ರಲ್ಲಿ. ಇದು ಹೊರಗಿನಿಂದ ಬಂದ ಶತ್ರುವಲ್ಲ, ಆರೋಗ್ಯವಂತರ ಬಾಯಿ, ಕರುಳುಗಳಲ್ಲೂ ಸುಮ್ಮನೆ ಇರುವಂಥದ್ದು. ತೇವ, ಸಕ್ಕರೆ, ಕುಗ್ಗಿದ ರೋಗನಿರೋಧಕ ಶಕ್ತಿ ಸಿಕ್ಕಾಗ ದುಂಡನೆಯ ಕೋಶ ಉದ್ದನೆಯ ಎಳೆ ಬಿಟ್ಟು ಚರ್ಮಕ್ಕೆ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮನುಷ್ಯನ ಸೀರಂನಲ್ಲಿ ಯೀಸ್ಟ್ ಬೆರೆಸಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಕೋಶದ ಮಗ್ಗುಲಿಂದ ಮೊಳಕೆಯಂಥ ಕೊಳವೆ ಹೊರಬಂದಿರುತ್ತದೆ. ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನು ಗುರುತಿಸಲು ಪ್ರಯೋಗಾಲಯಗಳು ಇಂದಿಗೂ ನಂಬುವ ಅಗ್ಗದ ಪರೀಕ್ಷೆ ಇದು. ರೋಗಿಯ ಚರ್ಮದಿಂದ ಕೆರೆದು ತೆಗೆದ ಮಾದರಿಗೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡುವುದಂತೂ ಕೆಲವೇ ನಿಮಿಷದ ಕೆಲಸ.

ಮದ್ದಿನ ಕಥೆ ನಿಜವಾಗಿ ಶುರುವಾಗುವುದು 1950ರಲ್ಲಿ. ಅಲ್ಲಿಯವರೆಗೆ ಜೆನ್ಷಿಯನ್ ವಯೊಲೆಟ್ ಎಂಬ ನೇರಳೆ ಬಣ್ಣ ಬಳಿಯುವುದು, ವಿಟ್‌ಫೀಲ್ಡ್ ಮುಲಾಮು ಹಚ್ಚುವುದು ಇಷ್ಟೇ ಇತ್ತು. ನ್ಯೂಯಾರ್ಕ್ ನಗರದಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ಆಲ್ಬನಿಯಲ್ಲಿದ್ದ ರೇಚಲ್ ಬ್ರೌನ್ ಮಣ್ಣಿನ ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತ ನಿಸ್ಟಾಟಿನ್ ಕಂಡುಹಿಡಿದರು. ಅದರಿಂದ ಬಂದ ರಾಯಲ್ಟಿಯನ್ನು ತಾವು ಇಟ್ಟುಕೊಳ್ಳದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು.

ಇದರ ಬೆನ್ನಿಗೇ ನಮ್ಮವರೊಬ್ಬರ ಸಾಧನೆ ಇದೆ. ಅದನ್ನು ಕನ್ನಡಿಗರೇ ಮರೆತಿದ್ದಾರೆ ಎಂಬುದು ನನಗೆ ನೋವಿನ ಸಂಗತಿ. ಎಂ.ಜೆ. ತಿರುಮಲಾಚಾರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಿಡಗಳ ತುಕ್ಕುರೋಗದ ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದ ಸಸ್ಯವಿಜ್ಞಾನಿ. ಮುಂದೆ ಪುಣೆಯ ಪಕ್ಕದ ಪಿಂಪ್ರಿಯಲ್ಲಿರುವ ಸರ್ಕಾರಿ ಸಂಸ್ಥೆ ಹಿಂದುಸ್ತಾನ್ ಆಂಟಿಬಯಾಟಿಕ್ಸ್‌ನ ಸಂಶೋಧನೆಯ ಮುಂದಾಳಾದರು. ಅಲ್ಲಿನ ಸೂಕ್ಷ್ಮಜೀವಿಯೊಂದಕ್ಕೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಊರಿನ ಹೆಸರೇ ಬಿತ್ತು. ಅದರಿಂದ ಹೊರತೆಗೆದ ಹಮೈಸಿನ್ ಎಂಬ ಮದ್ದು 1961ರಲ್ಲಿ ಪ್ರಕಟವಾಯಿತು, ಕ್ಯಾಂಡಿಡಾ ಸೋಂಕಿಗೆ ಬಳಕೆಗೂ ಬಂತು. ಬೆಳೆರೋಗಕ್ಕೆ ಬಳಸಿದ ಆರಿಯೊಫಂಜಿನ್ ಕೂಡ ಅವರ ತಂಡದ್ದೇ. ಹೊಸದಾಗಿ ಸ್ವತಂತ್ರವಾದ ದೇಶವೊಂದು ತನ್ನದೇ ಮಣ್ಣಿನಿಂದ ಶಿಲೀಂಧ್ರದ ಮದ್ದು ಮಾಡಿಕೊಂಡದ್ದು ಸಣ್ಣ ಮಾತಲ್ಲ.

ಆಮೇಲಿನದು ವೇಗದ ಕಾಲ. 1970ರ ದಶಕದಲ್ಲಿ ಕ್ಲೋಟ್ರಿಮಜೋಲ್, ಮೈಕೊನಜೋಲ್ ಮುಲಾಮುಗಳು, 1990ರ ಹೊತ್ತಿಗೆ ಫ್ಲುಕೊನಜೋಲ್ ಗುಳಿಗೆ. ಇಂದು ಗಂಡಸರ ಸಾಮಾನ್ಯ ಯೀಸ್ಟ್ ಸೋಂಕಿಗೆ ಕ್ಲೋಟ್ರಿಮಜೋಲ್ ಮುಲಾಮು ದಿನಕ್ಕೆರಡು ಸಲ ಒಂದೆರಡು ವಾರ ಹಚ್ಚಿದರೆ ಸಾಕು. ಹೆಚ್ಚಾಗಿದ್ದರೆ ವೈದ್ಯರು 150 ಮಿಲಿಗ್ರಾಂ ಫ್ಲುಕೊನಜೋಲ್ ಒಂದು ಗುಳಿಗೆ ಕೊಡುತ್ತಾರೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಗುಳಿಗೆ ನುಂಗುವವರು ಇದನ್ನು ತಾವಾಗಿಯೇ ತಂದು ನುಂಗಬಾರದು. ಎರಡೂ ಸೇರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಇಷ್ಟು ಸುಲಭದ ರೋಗ ವರ್ಷಗಟ್ಟಲೆ ಕಾಡುವುದು ಏಕೆ? ನನ್ನ ಮಟ್ಟಿಗೆ ಮೊದಲ ಅಪರಾಧಿ ಮಿಶ್ರಣದ ಟ್ಯೂಬು. ಕ್ಲೋಬೆಟಸಾಲ್‌ನಂಥ ತೀಕ್ಷ್ಣ ಸ್ಟೆರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ ಎಲ್ಲವೂ ಒಂದೇ ಟ್ಯೂಬಿನಲ್ಲಿ. ಹಚ್ಚಿದ ಎರಡನೆಯ ದಿನಕ್ಕೇ ತುರಿಕೆ ನಿಲ್ಲುತ್ತದೆ, ರೋಗ ಒಳಗೇ ಬೆಳೆಯುತ್ತದೆ, ಚರ್ಮ ತೆಳುವಾಗಿ ಗೆರೆಬೀಳುತ್ತದೆ. ಚರ್ಮವೈದ್ಯರ ಸಂಘ ವರ್ಷಗಳ ಕಾಲ ಹೋರಾಡಿದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಹಚ್ಚುವ ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಬಂದರೂ ಟ್ಯೂಬು ಕೈಗೆ ಸಿಗುವುದು ನಿಂತಿಲ್ಲ. ಹುಳುಕಡ್ಡಿಯಲ್ಲಂತೂ ಟರ್ಬಿನಾಫಿನ್‌ಗೆ ಬಗ್ಗದ ಹೊಸ ತಳಿ ಹರಡಿ, 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ನಾಮಕರಣವಾಯಿತು.

ಎರಡನೆಯ ಕಾರಣ ರಕ್ತದಲ್ಲಿದೆ. ಸಕ್ಕರೆ ಕಾಯಿಲೆಯವರ ಜನನಾಂಗದಲ್ಲಿ ಶಿಲೀಂಧ್ರ ಬೆಳೆಯುವುದನ್ನು ಜರ್ಮನಿಯ ನಿಕೊಲಾಸ್ ಫ್ರೀಡ್‌ರೈಶ್ 1864ರಲ್ಲೇ ಬರೆದಿದ್ದರು. ಮೂತ್ರದಲ್ಲಿ ಸಕ್ಕರೆ ಹೋದರೆ ಮುಂದೊಗಲಿನ ಒಳಗೆ ಯೀಸ್ಟ್‌ಗೆ ದಿನವೂ ಊಟ. ಎಷ್ಟೋ ಗಂಡಸರಲ್ಲಿ ಮಧುಮೇಹ ಮೊದಲು ಪತ್ತೆಯಾಗುವುದೇ ಈ ತುರಿಕೆಯಿಂದ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಇದರ ಮೇಲೆ ಈಗ ಹೊಸ ತಿರುವೊಂದು ಬಂದಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತವೆ. ಹೃದಯ, ಮೂತ್ರಪಿಂಡಗಳನ್ನು ಕಾಪಾಡುವ ಒಳ್ಳೆಯ ಮದ್ದುಗಳಿವು. 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ ಅದರ ಬೆಲೆಯೂ ಇಳಿಯಿತು, ತಾಲ್ಲೂಕು ಊರುಗಳ ಅಂಗಡಿಗೂ ಅದು ಬಂತು. ಆದರೆ ಪ್ರಯೋಗಗಳಲ್ಲಿ ಇವನ್ನು ನುಂಗಿದ ನೂರು ಗಂಡಸರಲ್ಲಿ ಸುಮಾರು ಮೂವರಿಗೆ ಜನನಾಂಗದ ಯೀಸ್ಟ್ ಸೋಂಕಾಯಿತು. ಮದ್ದಿಲ್ಲದ ಗುಳಿಗೆ ನುಂಗಿದವರಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೀಗಾದರೆ ಗುಳಿಗೆ ಬಿಡಬೇಕಿಲ್ಲ, ವೈದ್ಯರಿಗೆ ಹೇಳಬೇಕು. ದಿನವೂ ತಿಳಿನೀರಿನಲ್ಲಿ ತೊಳೆದು ಒರೆಸಿಕೊಂಡರೆ ಬಹಳಷ್ಟು ತಪ್ಪುತ್ತದೆ. ಡೆಟಾಲ್, ಘಾಟು ಸಾಬೂನು ಹಾಕಿ ಉಜ್ಜಿದರೆ ಉರಿ ಹೆಚ್ಚುತ್ತದೆ ಅಷ್ಟೆ. ಜ್ವರ, ವೃಷಣದ ಸುತ್ತ ತಡೆಯಲಾಗದ ನೋವು, ಬಾವು ಕಂಡರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಗುಳಿಗೆ ನುಂಗುವವರಲ್ಲಿ ಅಪರೂಪಕ್ಕೆ ಆ ಭಾಗ ಕೊಳೆಯುವ ರೋಗ ಬರುತ್ತದೆಂದು ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಎಚ್ಚರಿಸಿದ್ದಾರೆ.

ಸಂಕೋಚಕ್ಕೆ ದೊಡ್ಡ ಕಾರಣ ಇದು ‘ಹೊರಗಿನ ಸಂಬಂಧ’ದ ರೋಗವೆಂಬ ಭಯ. ಯೀಸ್ಟ್ ಸೋಂಕು ಹಾಗಲ್ಲ. ಗಂಡನಿಗೆ ಬಂತೆಂದು ಹೆಂಡತಿ, ಹೆಂಡತಿಗೆ ಬಿಳಿಸೆರಗಾಯಿತೆಂದು ಗಂಡ ಅನುಮಾನಪಡಬೇಕಿಲ್ಲ. ಇಬ್ಬರಿಗೂ ಲಕ್ಷಣವಿದ್ದರೆ ಇಬ್ಬರೂ ಒಟ್ಟಿಗೆ ಮದ್ದು ಮಾಡಿಸಿಕೊಳ್ಳಬೇಕು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಗುಪ್ತರೋಗದ ಜಾಹೀರಾತು ಬರೆಸಿದವರ ಬಳಿ ಹೋಗುವ ಅಗತ್ಯ ಯಾರಿಗೂ ಇಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಕಾರ್ಖಾನೆಯಲ್ಲಿ ಇಎಸ್‌ಐ ಕಾರ್ಡ್ ಇರುವವರು ಅದನ್ನು ಈ ಕಾಯಿಲೆಗೂ ಬಳಸಬಹುದು. ಉಳಿದವರಿಗೆ ತಾಲ್ಲೂಕು ಆಸ್ಪತ್ರೆಯಿದೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಉಚಿತ. ಒಂದೇ ವರ್ಷದಲ್ಲಿ ಎರಡು ಸಲ ಈ ತುರಿಕೆ ಬಂದವರು ಮೂರನೆಯ ಟ್ಯೂಬು ಕೊಳ್ಳುವ ಮುನ್ನ ದಯವಿಟ್ಟು ಆ ಪರೀಕ್ಷೆ ಮಾಡಿಸಿಕೊಳ್ಳಿ.