ನದಿಯನ್ನು ಬಲಕ್ಕಿಟ್ಟು

ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಹೆಬ್ಬೆರಳುದ್ದದ ಒಂದು ನುಣುಪು ಕಲ್ಲಿದೆ. ಪಂಚಾಯತನ ಪೂಜೆಯ ಮನೆಗಳವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಗಣಪತಿಗೆ ಶೋಣ ನದಿಯ ಕೆಂಪು ಶಿಲೆ, ಶಿವನಿಗೆ ನರ್ಮದೆಯ ಬಾಣಲಿಂಗ. ನದಿಯನ್ನು ಕಣ್ಣಾರೆ ಕಾಣದವರೂ ಹೀಗೆ ನದಿಯ ಒಂದು ಚೂರನ್ನು ಮನೆಯಲ್ಲಿಟ್ಟುಕೊಂಡು ತಲೆಮಾರುಗಟ್ಟಲೆ ನೀರೆರೆಯುತ್ತ ಬಂದರು. ನಮ್ಮ ತಂದೆ ಆ ಕಲ್ಲನ್ನು ನಲವತ್ತು ವರ್ಷ ಪೂಜಿಸಿದರು. ನರ್ಮದೆಯನ್ನು ನೋಡದೆಯೇ ತೀರಿಕೊಂಡರು. ವರ್ಷಾಂತಿಕ ಮುಗಿದ ಮೇಲೆ ಅಕ್ಕ, "ಅದು ಹುಟ್ಟಿದ ಜಾಗವನ್ನಾದರೂ ನಾವು ನೋಡಿ ಬರೋಣ ಕಣೋ" ಎಂದಳು. ಅಕ್ಕ, ನಾನು, ನನ್ನ ಹೆಂಡತಿ, ಮಗಳು, ಹೀಗೆ ನಾಲ್ವರು ಒಂದು ಮಾಘಮಾಸದಲ್ಲಿ ಓಂಕಾರೇಶ್ವರದಿಂದ ಪಶ್ಚಿಮಕ್ಕೆ ಐದು ದಿನ ನಡೆದೆವು.

ಐದು ದಿನವೆಂದರೆ ನರ್ಮದೆಯ ಲೆಕ್ಕದಲ್ಲಿ ಏನೂ ಅಲ್ಲ. ಮೈಕಲ ಪರ್ವತದ ಅಮರಕಂಟಕದಲ್ಲಿ ಹುಟ್ಟಿ ಭರೂಚಿನ ಕೆಳಗೆ ಖಂಬಾತ್ ಕೊಲ್ಲಿಯನ್ನು ಸೇರುವ ಈ ನದಿಯ ಉದ್ದ ೧,೩೧೨ ಕಿಲೋಮೀಟರು. ಒಂದು ದಂಡೆಯಲ್ಲಿ ಇಳಿದು ಇನ್ನೊಂದು ದಂಡೆಯಲ್ಲಿ ಏರಬೇಕಾದ್ದರಿಂದ ಪರಿಕ್ರಮೆಯ ದಾರಿ ಅದರ ಇಮ್ಮಡಿ. ಮಳೆಗಾಲದ ಚಾತುರ್ಮಾಸ್ಯದಲ್ಲಿ ಇದ್ದಲ್ಲೇ ನಿಂತು, ಉಳಿದ ಕಾಲದಲ್ಲಿ ನಡೆದರೆ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ ಎಂಬುದು ಸಂಪ್ರದಾಯದ ಲೆಕ್ಕ. ನದಿಯ ತೀರದಲ್ಲಿ ತೀರ್ಥಗಳಿರುವುದು ದೇಶದಲ್ಲೆಲ್ಲ ಉಂಟು. ಆದರೆ ನದಿಯನ್ನೇ ಗರ್ಭಗುಡಿಯೆಂದು ಭಾವಿಸಿ, ಅದನ್ನು ಬಲಕ್ಕಿಟ್ಟು, ಮೂಲದಿಂದ ಸಮುದ್ರದವರೆಗೆ ಪ್ರದಕ್ಷಿಣೆ ಬರುವ ವಾಡಿಕೆ ಇಷ್ಟು ವಿಸ್ತಾರವಾಗಿ ಬೆಳೆದದ್ದು ನರ್ಮದೆಯಲ್ಲಿ.

ಇದರ ಮುಖ್ಯ ನಿಯಮ ಒಂದೇ: ನದಿಯನ್ನು ದಾಟಕೂಡದು. ಸಮುದ್ರ ಸೇರುವಲ್ಲಿ ದೋಣಿಯಲ್ಲಿ ದಂಡೆ ಬದಲಿಸಬಹುದು, ಮೂಲದಲ್ಲಿ ಕುಂಡವನ್ನು ಸುತ್ತಿ ಬರಬಹುದು; ನಡುವೆ ಎಲ್ಲಿಯೂ ಇಲ್ಲ. ಓಂಕಾರೇಶ್ವರನ ಗುಡಿ ನದಿಯ ನಡುವಣ ಮಾಂಧಾತಾ ದ್ವೀಪದಲ್ಲಿದೆ. ಅಲ್ಲಿಂದ ಪರಿಕ್ರಮೆಗೆ ಹೊರಟವರು ಸುತ್ತು ಮುಗಿಸುವ ತನಕ ಆ ದ್ವೀಪಕ್ಕೂ ಹೋಗುವಂತಿಲ್ಲ.

ಕನ್ನಡಿಗರಾದ ನಮಗೆ ನರ್ಮದೆ ಮೊದಲು ಪರಿಚಯವಾಗುವುದು ಇತಿಹಾಸದ ಪಾಠದಲ್ಲಿ, ಅದೂ ಗಡಿಯಾಗಿ. ಉತ್ತರಾಪಥದ ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ತಡೆದು ನಿಲ್ಲಿಸಿದ್ದು ಈ ನದಿಯ ಆಸುಪಾಸಿನಲ್ಲಿ. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ, ಹರ್ಷನು ಹರ್ಷವನ್ನು ಕಳೆದುಕೊಂಡನೆಂದು ಶ್ಲೇಷೆಯಾಡುತ್ತಾನೆ; ರೇವೆಯನ್ನೂ ಹೆಸರಿಸುತ್ತಾನೆ. ದೊರೆಗೆ ನದಿಯನ್ನು ದಾಟಲಾಗದೆ ಹೋದದ್ದು ಸೋಲು. ಯಾತ್ರಿಕನಿಗೆ ದಾಟದಿರುವುದೇ ವ್ರತ. ಎರಡನೆಯ ದಿನ ನಾವು ಹಾದ ರಾವೇರಖೇಡಿ ಎಂಬ ಊರಿನಲ್ಲಿ ಮೊದಲನೆಯ ಬಾಜೀರಾಯ ಪೇಶ್ವೆಯ ಸಮಾಧಿಯಿದೆ. ಈ ನದಿಯನ್ನು ಎಷ್ಟೋ ಸಲ ದಂಡು ಸಮೇತ ದಾಟಿದ ಆ ಮನುಷ್ಯ ೧೭೪೦ರ ಏಪ್ರಿಲ್ ೨೮ರಂದು ಅದರ ದಂಡೆಯ ಮೇಲೆಯೇ ತೀರಿಕೊಂಡ. ನಾವು ಹೋದಾಗ ಸಮಾಧಿಯ ನೆರಳಿನಲ್ಲಿ ಇಬ್ಬರು ಹುಡುಗರು ಆಡು ಕಾಯುತ್ತಿದ್ದರು.

ನಮ್ಮ ಮುಖ್ಯ ಉದ್ದೇಶ ಮಾತ್ರ ಓಂಕಾರೇಶ್ವರದಲ್ಲಿಯೇ ಮುರಿದುಬಿದ್ದಿತ್ತು. ಬಾಣಲಿಂಗಗಳಿಗೆ ಹೆಸರಾದ ಸ್ಥಳ ಧಾರಾಜಿಯ ಬಳಿಯ ಧಾವಡಿ ಕುಂಡ. ಅಲ್ಲಿ ನದಿ ಬಂಡೆಗಳ ಮೇಲಿಂದ ಧುಮುಕಿ, ಮಡುವಿನಲ್ಲಿ ಕಲ್ಲುಗಳನ್ನು ಸುತ್ತಿಸಿ ಸುತ್ತಿಸಿ ನುಣುಪು ಮಾಡುತ್ತಿತ್ತು. ಅದೆಲ್ಲಿ ಎಂದು ಅಕ್ಕ ಕೇಳಿದಾಗ ಅಂಬಿಗನೊಬ್ಬ ಮಾತನಾಡದೆ ಅಣೆಕಟ್ಟಿನ ಗೋಡೆಯ ಕಡೆಗೆ ಕೈ ತೋರಿಸಿದ. ಕುಂಡ ಓಂಕಾರೇಶ್ವರ ಜಲಾಶಯದ ತಳದಲ್ಲಿದೆ. ಅದು ಮುಳುಗುವುದಕ್ಕೂ ಮುಂಚೆ, ೨೦೦೫ರ ಏಪ್ರಿಲ್ ೭ರಂದು, ಅಮಾವಾಸ್ಯೆಯ ಜಾತ್ರೆಗೆ ಧಾರಾಜಿಯಲ್ಲಿ ನೆರೆದಿದ್ದ ಯಾತ್ರಿಕರ ಮೇಲೆ ಮೇಲಣ ಇಂದಿರಾ ಸಾಗರದಿಂದ ಬಿಟ್ಟ ನೀರು ಹರಿದು ಬಂದು ಹತ್ತಾರು ಜನ ಕೊಚ್ಚಿಹೋದರು. ಅಕ್ಕ ಬಹಳ ಹೊತ್ತು ಆ ಗೋಡೆಯನ್ನೇ ನೋಡುತ್ತ ನಿಂತಳು. "ನಡೆಯೋಣ" ಎಂದಷ್ಟೇ ಹೇಳಿದಳು.

ನದಿ ಮಾಡುತ್ತಿದ್ದ ಕೆಲಸವನ್ನು ಈಗ ಬಕಾವಾ ಎಂಬ ದಂಡೆಯ ಊರಿನಲ್ಲಿ ಮನುಷ್ಯರು ಮಾಡುತ್ತಾರೆ. ಮನೆಮನೆಯ ಅಂಗಳದಲ್ಲಿ ಕಲ್ಲನ್ನು ಉಜ್ಜಿ ಲಿಂಗ ಮಾಡುವ ಚಕ್ರಗಳು ಗಿರ್ರೆನ್ನುತ್ತವೆ. ಮಗಳಿಗೆ ನಗು ಬಂತು, ನನಗೆ ಬೇಸರ. ಅಕ್ಕ ಮಾತ್ರ, "ನಮ್ಮದನ್ನು ಹೊಳೆಯೇ ಉಜ್ಜಿದ್ದೆಂದು ಯಾರು ಕಂಡರು?" ಎಂದು ಒಂದು ಪುಟ್ಟ ಕಲ್ಲನ್ನು ಕೈಯಲ್ಲಿ ತೂಗಿ ನೋಡಿ ಹಿಂದಕ್ಕಿಟ್ಟಳು.

ಪರಿಕ್ರಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಘಟ್ಟಗಳನ್ನೂ ಗುಡಿಗಳನ್ನೂ ಎಣಿಸುತ್ತಾರೆ. ಸ್ಕಾಂದದ ರೇವಾಖಂಡ ತೀರ್ಥಗಳ ಹೆಸರುಗಳನ್ನು ಸಾಲುಸಾಲಾಗಿ ಹೇಳುತ್ತದೆ. ೧೭೬೭ರಿಂದ ೧೭೯೫ರ ತನಕ ಮಾಳವವನ್ನಾಳಿದ ಅಹಲ್ಯಾಬಾಯಿ ಹೋಳ್ಕರ್ ಮಹೇಶ್ವರವನ್ನು ರಾಜಧಾನಿ ಮಾಡಿಕೊಂಡು ಕಟ್ಟಿಸಿದ ಸೋಪಾನಗಳು ಇಂದಿಗೂ ಕಣ್ಣು ತುಂಬುತ್ತವೆ. ಇವೆಲ್ಲ ಸರಿಯೆ. ಆದರೆ ಐದು ದಿನ ನಡೆದ ಮೇಲೆ ನನಗೆ ತೋರಿದ್ದು ಬೇರೆ. ಈ ದಾರಿಗೆ ಯಾವ ಅರಸನೂ ಕಲ್ಲು ಹಾಸಿದವನಲ್ಲ. ಬಹುಪಾಲು ಅದು ಹೊಲದ ಬದು, ಎತ್ತಿನ ಜಾಡು, ದಂಡೆಯ ಮರಳು. ಯಾತ್ರಿಕ ಬುತ್ತಿಯನ್ನು ಕೂಡಿಟ್ಟುಕೊಳ್ಳಬಾರದು, ಸಿಕ್ಕಿದ್ದರಲ್ಲಿ ನಡೆಯಬೇಕು ಎಂಬುದು ಹಳೆಯ ನಿಯಮ. ಹಾಗಾದರೆ ಅವನನ್ನು ಸಾವಿರಾರು ಮೈಲಿ ನಡೆಸಿದ್ದು ಯಾರು? "ನರ್ಮದೇ ಹರ್" ಎಂಬ ಕೂಗು ಬಾಗಿಲಲ್ಲಿ ಕೇಳಿದರೆ ಹಿಟ್ಟು, ಬೇಳೆ, ಉಪ್ಪು ತಂದು ಸುರಿದ ದಂಡೆಯ ಗೃಹಿಣಿ. ಅದನ್ನು ಅವರು ಸದಾವ್ರತವೆನ್ನುತ್ತಾರೆ. ಒಂದು ಊರಿನ ಒಲೆಯಿಂದ ಇನ್ನೊಂದು ಊರಿನ ಒಲೆಗೆ ಎಷ್ಟು ದೂರವೋ ಅದೇ ಈ ದಾರಿಯ ಅಳತೆ.

ಕೆಳಗೆ ಶೂಲಪಾಣಿಯ ಕಾಡಿನಲ್ಲಿ ಮಾತ್ರ ಈ ಲೆಕ್ಕ ತಿರುಗುಮುರುಗು. ಅಲ್ಲಿ ಭಿಲ್ಲರು ಯಾತ್ರಿಕರ ಪಾತ್ರೆ ಬಟ್ಟೆಗಳನ್ನೆಲ್ಲ ಕಸಿದು ಲಂಗೋಟಿಯಲ್ಲಿ ಬಿಡುತ್ತಿದ್ದರು. ಯಾತ್ರಿಕರು ಅದನ್ನೂ ನರ್ಮದಾ ಮಾತೆಯ ಇಚ್ಛೆಯೆಂದೇ ಸ್ವೀಕರಿಸುತ್ತಿದ್ದರು. ಕೊಡುವ ಊರು, ಕಸಿಯುವ ಕಾಡು ಎರಡನ್ನೂ ಒಂದೇ ವ್ರತದೊಳಗೆ ಇಟ್ಟುಕೊಂಡ ಆ ಬುದ್ಧಿಗೆ ನಾನು ತಲೆಬಾಗುತ್ತೇನೆ. ಆ ಕಾಡಿನ ಹಳೆಯ ದಾರಿಯ ಬಹುಭಾಗವನ್ನು ಸರ್ದಾರ್ ಸರೋವರ ನುಂಗಿತು. ೧೯೬೧ರಲ್ಲಿ ನೆಹರೂ ಅಡಿಗಲ್ಲಿಟ್ಟ ಆ ಕಟ್ಟೆ ೨೦೧೭ರಲ್ಲಿ ಲೋಕಾರ್ಪಣೆಗೊಂಡು, ೨೦೧೯ರಲ್ಲಿ ಮೊದಲ ಬಾರಿಗೆ ೧೩೮.೬೮ ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿತು. ಶೂಲಪಾಣೇಶ್ವರನಿಗೆ ಬೇರೆಡೆ ಹೊಸ ಗುಡಿ ಕಟ್ಟಿದ್ದಾರೆ. ದೇವರನ್ನು ಸಾಗಿಸುವ ವಿಧಿ ಶಾಸ್ತ್ರದಲ್ಲಿದೆ.

ಒಲೆಯನ್ನು ಸಾಗಿಸುವ ವಿಧಿ ಎಲ್ಲಿದೆ? ಮೂರನೆಯ ರಾತ್ರಿ ನಮಗೆ ಜಗಲಿ ಕೊಟ್ಟ ಮನೆಯಲ್ಲಿ ಒಬ್ಬ ವೃದ್ಧೆಯಿದ್ದಳು. ಆ ಮನೆ ಅವಳದಲ್ಲ, ಮಗಳದು. ಅವಳ ಊರು ಹರಸೂದಿನ ಕಡೆಯದು. ಇಂದಿರಾ ಸಾಗರದ ನೀರಿಗಾಗಿ ಹರಸೂದ್ ಪಟ್ಟಣವನ್ನು ೨೦೦೪ರಲ್ಲಿ ತೆರವು ಮಾಡಿಸಿದರು; ಜನ ತಮ್ಮ ಮನೆಗಳನ್ನು ತಾವೇ ಕೆಡವಿ ಇಟ್ಟಿಗೆ, ಕದಗಳನ್ನು ಹೊತ್ತೊಯ್ದರು. ಅದರೊಡನೆ ಇನ್ನೂರಕ್ಕೂ ಹೆಚ್ಚು ಹಳ್ಳಿಗಳು ಹೋದವು. ಮುದುಕಿಗೆ ಸಿಕ್ಕಿದ ನಿವೇಶನ ನದಿಯಿಂದ ಬಹುದೂರ. ನನ್ನ ಹೆಂಡತಿಗೆ ತಿಳಿದಷ್ಟು ಹಿಂದಿಯಲ್ಲಿ ಅವಳ ಮಾತನ್ನು ಹಿಡಿದೆವು: "ಪರಿಹಾರ ಕೊಟ್ಟರು, ಇಲ್ಲವೆನ್ನಲಾರೆ. ಆದರೆ ಅಲ್ಲಿ ನನ್ನ ಬಾಗಿಲ ಮುಂದೆ ಪರಿಕ್ರಮೆಯವರು ಹಾಯುವುದಿಲ್ಲ. ಅದಕ್ಕೇ ಚಳಿಗಾಲವೆಲ್ಲ ಮಗಳ ಮನೆಯಲ್ಲಿರುತ್ತೇನೆ."

ಬೆಳಿಗ್ಗೆ ಅಕ್ಕ ಹಣ ಕೊಡಹೋದಳು. ಮುದುಕಿ ಕೈ ಹಿಂದಕ್ಕೆಳೆದುಕೊಂಡು, ಬದಲಿಗೆ ಒಂದು ಬಟ್ಟೆಯಲ್ಲಿ ನಾಲ್ಕು ಹಿಡಿ ಜೋಳದ ಹಿಟ್ಟು ಕಟ್ಟಿ ಮಗಳ ಕೈಗಿತ್ತಳು.

ಐದನೆಯ ದಿನ ಸಂಜೆ ನಾವ್ಡಾಟೋಲಿಗೆ ಬಂದೆವು. ಹೆಚ್. ಡಿ. ಸಾಂಕಳಿಯಾ ೧೯೫೨-೫೩ರಲ್ಲಿ ಉತ್ಖನನ ಆರಂಭಿಸಿ ತಾಮ್ರಶಿಲಾಯುಗದ ವಸತಿಯನ್ನು ಬೆಳಕಿಗೆ ತಂದ ದಿಬ್ಬಗಳು ಇಲ್ಲಿಯೇ. ಎದುರು ದಂಡೆಯಲ್ಲಿ ಮಹೇಶ್ವರ: ಕೋಟೆ, ಗೋಪುರ, ನೀರಿಗಿಳಿಯುವ ಅಹಲ್ಯಾಬಾಯಿಯ ಮೆಟ್ಟಿಲುಗಳು, ಹಚ್ಚುತ್ತಿದ್ದ ದೀಪಗಳು. ದೋಣಿಯವನು ಕರೆದ. ಹೆಂಡತಿಗೆ ಆಸೆ, ನನಗೂ ಇಲ್ಲದಿರಲಿಲ್ಲ. ಮಗಳು, "ಅತ್ತೆ, ನಾವೇನು ಪೂರ್ತಿ ಪರಿಕ್ರಮೆ ಮಾಡುವವರಲ್ಲವಲ್ಲ, ದಾಟಿದರೇನಂತೆ?" ಎಂದಳು. ಗುಜರಾತಿಯಲ್ಲಿಯೂ ಹಿಂದಿಯಲ್ಲಿಯೂ ನರ್ಮದೆಯ ಬಗ್ಗೆ ಬರೆದ ಜಬಲಪುರದ ಚಿತ್ರಕಾರ ಅಮೃತಲಾಲ್ ವೇಗಡರು ೧೯೭೭ರಲ್ಲಿ ಆರಂಭಿಸಿ ತುಂಡುತುಂಡಾಗಿಯೇ ನಡೆದರು, ಎಪ್ಪತ್ತು ದಾಟಿದ ಮೇಲೆ ಪತ್ನಿಯೊಡನೆ ಮತ್ತೆ ನಡೆದರು ಎಂದು ನಾನು ನಡುವೆ ನನ್ನ ಪಾಂಡಿತ್ಯ ತೂರಿಸಿದೆ.

"ಹಾಗಾದರೆ ನಮ್ಮದೂ ಒಂದು ತುಂಡು," ಎಂದಳು ಅಕ್ಕ. "ಆ ಅಜ್ಜಿ ಹಿಟ್ಟು ಕಟ್ಟಿಕೊಟ್ಟದ್ದು ಪರಿಕ್ರಮೆಯವರೆಂದು ತಾನೆ?"

ದೋಣಿಯವನು ಬೇರೆ ಗಿರಾಕಿಗಳನ್ನು ಹತ್ತಿಸಿಕೊಂಡು ಹೋದ. ನಾವು ಮೂರು ಕಲ್ಲು ಹೂಡಿ ಆ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದೆವು, ಅಂಚುಗಳು ಸೀದುಹೋದವು. ಮರುದಿನ ಅಕ್ಕ ಒಂದು ತಂಬಿಗೆ ನೀರು ತುಂಬಿ ಬಾಯಿಗೆ ಬಟ್ಟೆ ಬಿಗಿದಳು, ಊರಿನಲ್ಲಿದ್ದ ಕಲ್ಲಿಗೆ. ನದಿ ದಾಟದೆ ದಕ್ಷಿಣ ದಂಡೆಯಲ್ಲಿಯೇ ಬಸ್ಸು ಹಿಡಿದು ಖಂಡ್ವಾಕ್ಕೆ ಬಂದು ರೈಲು ಹತ್ತಿದೆವು.