ಎರಡು ಸಲಹೆ, ಒಂದು ನಡೆ

ನಮ್ಮ ಹೆಣ್ಣುಮಕ್ಕಳಿಗೆ ಸಲಹೆಗೇನೂ ಬರವಿಲ್ಲ. ಅತ್ತೆ ಒಂದು ಹೇಳಿದರೆ ತಾಯಿ ಇನ್ನೊಂದು ಹೇಳುತ್ತಾರೆ. ಹೇಳುವವರೆಲ್ಲ ನಮಗಿಂತ ಬಲ್ಲವರೇ. ಆರಿಸಿಕೊಳ್ಳುವ ಕಷ್ಟ ಮಾತ್ರ ನಮ್ಮದು. ಈ ಆರಿಸುವ ಕೆಲಸಕ್ಕೂ ಒಂದು ಬೆಲೆಯುಂಟು ಎಂಬುದಕ್ಕೆ ಚದುರಂಗದ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿಯಿದೆ.

ಜರ್ಮನಿಯ ಗಣಿತಜ್ಞ ಇಂಗೋ ಆಲ್ತ್‌ಹೋಫರ್ 1985ರಲ್ಲಿ ಒಂದು ಪ್ರಯೋಗ ಶುರುಮಾಡಿದರು. ಅದರ ಹೆಸರು ‘ಡ್ರೈ-ಹಿರ್ನ್’, ಅಂದರೆ ಮೂರು ಮಿದುಳು. ಎರಡು ಬೇರೆಬೇರೆ ಕಂಪ್ಯೂಟರ್ ಪ್ರೋಗ್ರಾಂಗಳು ಒಂದೊಂದು ನಡೆ ಸೂಚಿಸಬೇಕು. ಅವುಗಳಲ್ಲಿ ಒಂದನ್ನು ಮನುಷ್ಯ ಆರಿಸಬೇಕು. ಎರಡೂ ಒಂದೇ ನಡೆ ಹೇಳಿದರೆ ಅದನ್ನೇ ಆಡಬೇಕು. ತನ್ನದೇ ಮೂರನೆಯ ನಡೆ ಆಡುವ ಅಧಿಕಾರ ಅವನಿಗಿಲ್ಲ.

ಆಲ್ತ್‌ಹೋಫರ್ ದೊಡ್ಡ ಆಟಗಾರರೇನಲ್ಲ. ಆದರೂ ಮೂವರೂ ಕೂಡಿದಾಗ ಒಬ್ಬೊಬ್ಬರಿಗಿಂತ ಬಲವಾಗಿ ಆಡಿದರು. ಕಾರಣ ಸರಳ. ಒಂದು ಪ್ರೋಗ್ರಾಂ ಎಡವುವ ಕಡೆಯಲ್ಲೇ ಇನ್ನೊಂದೂ ಎಡವಬೇಕೆಂದಿಲ್ಲ. ಎರಡೂ ಭಿನ್ನವಾಗಿ ನುಡಿದವೆಂದರೆ, ಇಲ್ಲಿ ನಿಂತು ಯೋಚಿಸು ಎಂಬ ಸೂಚನೆ ಸಿಕ್ಕಂತೆ. ಲೆಕ್ಕದಲ್ಲಿ ಹಿಂದುಳಿದ ಮನುಷ್ಯನಿಗೆ ದೂರದ ಯೋಜನೆ ಕಾಣುತ್ತಿತ್ತು. 1997ರಲ್ಲಿ ಡೀಪ್ ಬ್ಲೂ ಯಂತ್ರ ಕ್ಯಾಸ್ಪರೋವ್‌ರನ್ನು ಸೋಲಿಸಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದೇ ವರ್ಷ ಈ ಜೋಡಣೆಯ ಸುಧಾರಿತ ರೂಪ ಗ್ರ್ಯಾಂಡ್‌ಮಾಸ್ಟರ್ ಆರ್ತುರ್ ಯೂಸುಪೋವ್‌ರನ್ನು 5-3ರಿಂದ ಗೆದ್ದಿತು.

ಜಪಾನಿನ ಚದುರಂಗವಾದ ಶೋಗಿಯಲ್ಲಿ, ಹಿಡಿದ ಕಾಯಿಯನ್ನು ನಮ್ಮದಾಗಿಸಿಕೊಂಡು ಮತ್ತೆ ಮಣೆಯ ಮೇಲೆ ಇಡಬಹುದು. ಹಾಗಾಗಿ ಯಂತ್ರಗಳಿಗೆ ಅದು ಹೆಚ್ಚು ಕಾಲ ಕಗ್ಗಂಟಾಗಿತ್ತು. ಅಲ್ಲಿ ಗೆಕಿಸಾಶಿ, ಜಿಪಿಎಸ್ ಶೋಗಿ, ಬೊನಾಂಜಾ, ವೈಎಸ್‌ಎಸ್ ಎಂಬ ನಾಲ್ಕು ಪ್ರೋಗ್ರಾಂಗಳನ್ನು ಕೂಡಿಸಿ ‘ಅಕರ 2010’ ಕಟ್ಟಿದರು. ಅಕರ ಎಂಬುದು ಬೌದ್ಧ ಗ್ರಂಥದ ಒಂದು ಬೃಹತ್ ಸಂಖ್ಯೆಯ ಹೆಸರು. ಇಲ್ಲಿ ಆರಿಸುವ ಮನುಷ್ಯನೂ ಇಲ್ಲ. ನಾಲ್ಕೂ ಮತ ಹಾಕುತ್ತವೆ, ಬಹುಮತದ ನಡೆಯೇ ಅಂತಿಮ.

2010ರ ಅಕ್ಟೋಬರ್ 11ರಂದು ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅದರೆದುರು ಕುಳಿತವರು ಶಿಮಿಜು ಇಚಿಯೊ. ಮಹಿಳೆಯರ ನಾಲ್ಕು ಪ್ರಮುಖ ಕಿರೀಟಗಳನ್ನು 1996ರಲ್ಲಿ ಒಟ್ಟಿಗೇ ಧರಿಸಿದ್ದವರು. 86ನೆಯ ನಡೆಗೆ ಅವರು ಸೋತರು.

ಅಂದಿನಿಂದ ಪ್ರೋಗ್ರಾಂಗಳು ಎಷ್ಟು ಬಲಿತಿವೆಯೆಂದರೆ, ಈಗ ಪಕ್ಕದಲ್ಲಿ ಕೂತು ಆರಿಸುವ ಮನುಷ್ಯನಿಂದ ಅವಕ್ಕೆ ಹೆಚ್ಚಿನ ಲಾಭವಿಲ್ಲ. ಆದರೂ ಹಳೆಯ ಪಾಠ ಉಳಿದಿದೆ: ಒಂದೇ ಪ್ರೋಗ್ರಾಂನ ನಾಲ್ಕು ಪಡಿಯಚ್ಚುಗಳು ಮತ ಹಾಕಿದರೆ ಒಂದೇ ತಪ್ಪು ನಾಲ್ಕು ಸಲ ಎಣಿಕೆಯಾದೀತು. ಬಲ ಬಂದದ್ದು ತಲೆಗಳ ಸಂಖ್ಯೆಯಿಂದಲ್ಲ, ಅವುಗಳ ಭೇದದಿಂದ. ನಮ್ಮ ಸುತ್ತ ಎಲ್ಲರೂ ಒಂದೇ ಮಾತು ಹೇಳುವಾಗ ನೆಮ್ಮದಿ ಎನಿಸುವುದು ಸಹಜ. ಅವರೆಲ್ಲ ಒಬ್ಬರಿಂದೊಬ್ಬರು ಕೇಳಿ ಹೇಳುತ್ತಿದ್ದಾರೆಯೋ, ತಾವೇ ಯೋಚಿಸಿ ಹೇಳುತ್ತಿದ್ದಾರೆಯೋ ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.

ಶಿಮಿಜು ಅವರ ಪಕ್ಕದಲ್ಲಿ ಅಂದು ಸಲಹೆ ಕೊಡಲು ಯಾರೂ ಇರಲಿಲ್ಲ. ನಾಲ್ವರ ಎದುರು ಅವರೊಬ್ಬರೇ ಆಡಿದರು.