ಓಡುತ್ತಿದ್ದ ಕಾರು ನಿಂತುಹೋಗುವುದೇ? ಕ್ರ್ಯಾಂಕ್ ಸೆನ್ಸರ್ ಪರೀಕ್ಷಿಸಿ

ಬ್ಯಾಟರಿ ಸುಸ್ಥಿತಿಯಲ್ಲಿದೆ, ಟ್ಯಾಂಕಿನಲ್ಲಿ ಇಂಧನವಿದೆ, ಸ್ಟಾರ್ಟರ್ ಮೋಟಾರ್ ಎಂಜಿನ್ನನ್ನು ತಿರುಗಿಸುತ್ತಲೂ ಇದೆ. ಆದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ಇಂತಹ ಸಂದರ್ಭದಲ್ಲಿ ಮೊದಲು ಶಂಕಿಸಬೇಕಾದ ಬಿಡಿಭಾಗಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್ ಒಂದು.

ಕೆಲಸವೇನು?

ಕ್ರ್ಯಾಂಕ್‌ಶಾಫ್ಟ್‌ನೊಡನೆ ತಿರುಗುವ ಹಲ್ಲುಚಕ್ರದ ಸಮೀಪ ಈ ಸೆನ್ಸರನ್ನು ಅಳವಡಿಸಿರುತ್ತಾರೆ. ಹಲವು ಕಾರುಗಳ ಚಕ್ರದಲ್ಲಿ 60 ಹಲ್ಲುಗಳಿಗೆ ಸ್ಥಳವಿದ್ದು, 2 ಹಲ್ಲುಗಳನ್ನು ಉದ್ದೇಶಪೂರ್ವಕವಾಗಿ ಬಿಡಲಾಗಿರುತ್ತದೆ. ಪ್ರತಿ ಹಲ್ಲಿನ ಅಂತರ 6 ಡಿಗ್ರಿ. ಖಾಲಿ ಸ್ಥಳ ಹಾದುಹೋದಾಗ ಪಿಸ್ಟನ್‌ಗಳು ಎಲ್ಲಿವೆ ಎಂಬುದು ಕಾರಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಯುತ್ತದೆ. ಕಿಡಿ ಹಾಗೂ ಇಂಧನವನ್ನು ಯಾವಾಗ ನೀಡಬೇಕೆಂಬ ನಿರ್ಧಾರ ಇದನ್ನೇ ಅವಲಂಬಿಸಿದೆ.

ಲಕ್ಷಣಗಳು

ಎಂಜಿನ್ ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುವುದು ಪ್ರಮುಖ ಸುಳಿವು. ಬಿಸಿಗೆ ಸೆನ್ಸರಿನ ಒಳಗಿನ ಸುರುಳಿ ಅಥವಾ ಬೆಸುಗೆ ಬಿಟ್ಟುಕೊಳ್ಳುವುದು ಇದಕ್ಕೆ ಕಾರಣವಾಗಬಹುದು. ಓಡುವಾಗ ಆರ್‌ಪಿಎಂ ಮುಳ್ಳು ಹಠಾತ್ತನೆ ಸೊನ್ನೆಗಿಳಿಯುವುದು, ಎಂಜಿನ್ ಜರ್ಕ್ ಹೊಡೆಯುವುದು, ಚೆಕ್ ಎಂಜಿನ್ ದೀಪ ಉರಿಯುವುದು ಇತರ ಲಕ್ಷಣಗಳು.

ಪತ್ತೆ ಹೇಗೆ?

* ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್‌ಗಳ ಒಬಿಡಿ ಪೋರ್ಟ್‌ಗೆ ಸ್ಕ್ಯಾನರ್ ಜೋಡಿಸಿ. ಪಿ0335 ಅಥವಾ ಪಿ0336 ಕೋಡ್ ಬಂದರೆ ಶಂಕೆ ಬಲವಾಗುತ್ತದೆ. ಆದರೆ ಈ ಕೋಡ್ ಸರ್ಕ್ಯೂಟಿನ ದೋಷವನ್ನಷ್ಟೇ ಸೂಚಿಸುತ್ತದೆ. ಸೆನ್ಸರೇ ಕೆಟ್ಟಿದೆ ಎಂದಲ್ಲ.

* ಸ್ಟಾರ್ಟರ್ ತಿರುಗುತ್ತಿರುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಗಮನಿಸಿ. ಸಾಮಾನ್ಯವಾಗಿ 200ರ ಆಸುಪಾಸು ಇರಬೇಕು. ಸೊನ್ನೆಯೇ ಇದ್ದರೆ ಸಂಕೇತ ಇಸಿಯು ತಲುಪುತ್ತಿಲ್ಲ.

* ಕನೆಕ್ಟರಿನಲ್ಲಿ ತುಕ್ಕು, ಆಯಿಲ್, ನೀರು ಇದೆಯೇ, ವೈರುಗಳನ್ನು ಇಲಿ ಕಡಿದಿದೆಯೇ ಪರಿಶೀಲಿಸಿ. ಸೆನ್ಸರಿನ ತುದಿಗೆ ಲೋಹದ ಪುಡಿ ಅಂಟಿದ್ದರೆ ಒರೆಸಿ. ಚಕ್ರದ ಹಲ್ಲು ಮುರಿದಿದ್ದರೂ ಇದೇ ತೊಂದರೆ ಕಾಣಿಸುತ್ತದೆ.

* ಕಾಂತಸುರುಳಿಯ ಮಾದರಿಯಾದರೆ ಮಲ್ಟಿಮೀಟರಿನಿಂದ ಓಮ್ ಅಳೆದು ತಯಾರಕರ ಕೈಪಿಡಿಯೊಡನೆ ಹೋಲಿಸಿ. ಮೂರು ವೈರುಗಳ ಹಾಲ್ ಮಾದರಿಯಲ್ಲಿ ಓಮ್ ಅಳೆಯಬಾರದು. ವಿದ್ಯುತ್ ಪೂರೈಕೆ, ಅರ್ಥ್ ಹಾಗೂ ಸಿಗ್ನಲ್ ಪರೀಕ್ಷಿಸಬೇಕು. ಕೆಲವು ಕಾಂತಸುರುಳಿ ಸೆನ್ಸರುಗಳಿಗೂ ಮೂರನೆಯ ವೈರ್ ಇರುವುದರಿಂದ ಮೊದಲು ಮಾದರಿಯನ್ನು ಖಚಿತಪಡಿಸಿಕೊಳ್ಳಿ.

ಬಿಸಿಯಾದಾಗ ಮಾತ್ರ ಕಾಡುವ ದೋಷ ತಣ್ಣನೆಯ ಎಂಜಿನ್ನಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಕಾರು ನಿಂತ ಕೂಡಲೇ ನಡೆಸುವ ಪರೀಕ್ಷೆಯೇ ನಂಬಲರ್ಹ.

ನಿರ್ಲಕ್ಷ್ಯ ಸಲ್ಲದು

ಹೆದ್ದಾರಿಯಲ್ಲಿ ಎಂಜಿನ್ ನಿಂತರೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಕೆಲವು ಬಾರಿ ಒತ್ತಿದ ನಂತರ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗುತ್ತದೆ. ಆಗ ಗಾಬರಿಯಾಗದೆ, ಕೀಲಿ ತೆಗೆಯದೆ, ಪೆಡಲನ್ನು ಬಲವಾಗಿ ಒಂದೇ ಸಮನೆ ಒತ್ತಿ ಕಾರನ್ನು ರಸ್ತೆಯ ಬದಿಗೆ ತರಬೇಕು. ಹಜಾರ್ಡ್ ದೀಪ ಹಾಕಬೇಕು. ಪರೀಕ್ಷಿಸದೆಯೇ ಫ್ಯೂಯಲ್ ಪಂಪ್, ಬ್ಯಾಟರಿ ಎಂದು ಒಂದೊಂದನ್ನೇ ಬದಲಿಸಿದರೆ ಹಣ ವ್ಯರ್ಥ, ಅಪಾಯವೂ ತಪ್ಪದು. ಹೊಸ ಸೆನ್ಸರ್ ಹಾಕಿದ ಬಳಿಕ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಮೂಲಕ ಇಸಿಯುಗೆ ಅದನ್ನು ಪರಿಚಯಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.